ಗಾಜಿನ ಮೇಲಿನ ಮೂರು ಗೆರೆ

ಯಳಂದೂರು
ಬುಧವಾರ, ೧೮ ಜೂನ್ ೨೦೨೫

ಹನೂರಿನಲ್ಲಿ ಕರೆಂಟ್ ಕಂಬ ಹತ್ತಿಕೊಂಡು, ಹೊತ್ತು ಮೀರಿ ಉಂಡುಕೊಂಡು ಇರುವ ನಮ್ಮ ಯಜಮಾನರಿಗೆ ಮಂಗಳ ಮಾಡುವ ನಮಸ್ಕಾರ.

ನಿಮ್ಮ ಕಾಗದ ಸೋಮವಾರ ಬಂತು. ಅಲ್ಲಿಂದ ಹೊರಡುವಾಗ ಫೋನ್ ಮಾಡಬೇಡಿ ಅಂದಿದ್ದೆ, ಕಾಗದ ಬರೆಯಬೇಡಿ ಅಂದಿರಲಿಲ್ಲ. ಅಷ್ಟನ್ನು ಕಂಡುಹಿಡಿಯಲು ನಿಮಗೆ ಏಳು ತಿಂಗಳು ಬೇಕಾಯಿತು. ಅಪ್ಪ ಲಕೋಟೆಯ ದಪ್ಪ ನೋಡಿ ಯಾವುದೋ ವಕೀಲರ ನೋಟೀಸು ಇರಬೇಕು ಅಂತ ಗಾಬರಿಯಾಗಿದ್ದರು. ಮೇಲಿನ ಅಕ್ಷರ ನೋಡಿದ ಮೇಲೆ ಸಮಾಧಾನ ಆಯಿತು. ಈ ಕೋಳಿ ಕೆದರಿದ ಅಕ್ಷರ ನಮ್ಮ ಅಳಿಯಂದಿರದೇ ಅಂದರು.

ನಾಲ್ಕು ಪುಟ ಬರೆದಿದ್ದೀರಿ. ಹೇಗಿದ್ದೀಯ ಅನ್ನುವ ಒಂದು ಮಾತು ಇಲ್ಲ. ಇರುವುದೆಲ್ಲ ನಮ್ಮ ಮನೆಯ ಪ್ರಿಂಟರಿನ ಸಂಕಟ. ಸ್ಕ್ಯಾನರ್ ಸಿಗುತ್ತಿಲ್ಲ ಅನ್ನುತ್ತದಂತೆ, ಸಿಕ್ಕರೆ ಅರ್ಧ ಪುಟ ಬರುತ್ತದಂತೆ, ಪೂರ್ತಿ ಬಂದರೆ ಗೆರೆ ಬರುತ್ತದಂತೆ. ಎಲ್ಲ ಮುಗಿದ ಮೇಲೆ, ಕೊನೆಯ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದಿದ್ದೀರಿ: "ಅರ್ಜೀಲಿ ವಿಳಾಸದ್ ಜಾಗ ಖಾಲಿ ಬುಟ್ಟಿವ್ನಿ. ಯಳಂದೂರ್ದು ಬರೀಲಾ, ಹನೂರ್ದು ಬರೀಲಾ?"

ಇದೊಂದನ್ನು ಕೇಳುವುದಕ್ಕೆ ನಾಲ್ಕು ಪುಟ ಸುತ್ತಿ ಬಂದಿರಿ ಅಂತ ನನಗೆ ಗೊತ್ತಾಗುವುದಿಲ್ಲವೇ? ಆರು ವರ್ಷ ಸಂಸಾರ ಮಾಡಿದ್ದೇನೆ ನಿಮ್ಮ ಜೊತೆ. ಗ್ರಂಥಾಲಯದ ಕೆಲಸಕ್ಕೆ ಮತ್ತೆ ಅರ್ಜಿ ಕರೆದಿರುವುದು ನಾನೂ ನೋಡಿದ್ದೇನೆ. ಈ ಸಲ ಹನೂರು ತಾಲ್ಲೂಕಿಗೊಂದು, ಯಳಂದೂರು ತಾಲ್ಲೂಕಿಗೊಂದು. ಆಯಾ ತಾಲ್ಲೂಕಿನಲ್ಲೇ ವಾಸ ಇರುವವರಿಗೆ ಮಾತ್ರ. ಇಪ್ಪತ್ತೇಳಕ್ಕೆ ಕೊನೆ. ಅಂದರೆ ಯಾವ ವಿಳಾಸ ಬರೆಯುತ್ತೇವೋ ನಾನು ಅಲ್ಲಿಯವಳು. ಅದಕ್ಕೆ ಉತ್ತರ ಈಗಲೇ ಕೊಡುವುದಿಲ್ಲ. ಮೊದಲು ಪ್ರಿಂಟರಿನ ಪಂಚಾಯಿತಿ ಮುಗಿಸೋಣ.

ಮೊದಲು ಕೈಯಲ್ಲಿರುವ ಸ್ಕ್ರೂಡ್ರೈವರ್ ಕೆಳಗಿಡಿ. ಇಟ್ಟುಕೊಂಡೇ ಕೂತಿರುತ್ತೀರಿ, ಗೊತ್ತು. ಟೆಸ್ಟರನ್ನೂ ಇಡಿ. ಮಾರ್ಟಳ್ಳಿಯ ತನಕ ಲೈನ್ ಎಳೆಯುವವರು ನೀವು, ನಿಮ್ಮ ಕಸುಬಿಗೆ ನಾನು ಬಾಯಿ ಹಾಕುವುದಿಲ್ಲ. ಆದರೆ ಈ ಪೆಟ್ಟಿಗೆಯೊಳಗೆ ನೀವು ಬಿಚ್ಚುವಂಥದ್ದು ಏನೂ ಇಲ್ಲ. ಹೊಸ ಇಂಕ್ ಹಾಕಿಸಿದೆ, ಆದರೂ ಗೆರೆ ಹೋಗಲಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಒಬ್ಬಳೇ ನಕ್ಕೆ. ಸ್ಕ್ಯಾನಿಗೂ ಇಂಕಿಗೂ ಸಂಬಂಧವೇ ಇಲ್ಲ ಕಣ್ರೀ. ಇಂಕು ಕಾಗದದ ಮೇಲೆ ಅಚ್ಚು ಹಾಕುವುದಕ್ಕೆ. ಸ್ಕ್ಯಾನ್ ಅಂದರೆ ಗಾಜಿನ ಕೆಳಗೆ ಒಂದು ದೀಪ ಓಡಾಡಿ ಕಾಗದವನ್ನು ನೋಡಿಕೊಂಡು ಬರುವುದು, ಅಷ್ಟೇ.

ಸ್ಕ್ಯಾನರ್ ಸಿಗುತ್ತಿಲ್ಲ ಅಂತ ಲ್ಯಾಪ್‌ಟಾಪ್ ಹೇಳುವುದಕ್ಕೆ ಕಾರಣ ಅತ್ತೆ. ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯಲ್ಲಿ ಹಸಿರು ದೀಪ ಸುಮ್ಮನೆ ಉರಿಯುತ್ತಿದ್ದರೆ ಅವರ ಹೊಟ್ಟೆ ಉರಿಯುತ್ತದೆ. ಕಸ ಗುಡಿಸುವಾಗ ಸ್ವಿಚ್ ಆರಿಸುತ್ತಾರೆ. ನೀವು ಅದನ್ನು ನೋಡದೆ ಲ್ಯಾಪ್‌ಟಾಪಿಗೆ ನಿಮ್ಮ ಫೋನಿನ ಇಂಟರ್ನೆಟ್ ಕೊಟ್ಟುಕೊಂಡಿದ್ದೀರಿ. ಪ್ರಿಂಟರ್ ಮನೆಯ ವೈಫೈಗೆ ಕಾಯುತ್ತಾ ಕೂತಿದೆ, ಲ್ಯಾಪ್‌ಟಾಪ್ ನಿಮ್ಮ ಫೋನನ್ನು ಹಿಡಿದುಕೊಂಡಿದೆ. ಬೇರೆ ಬೇರೆ ಕಡೆ ಇದ್ದರೆ ಒಂದರ ಮಾತು ಇನ್ನೊಂದಕ್ಕೆ ಹೇಗೆ ಕೇಳಬೇಕು? ಇದನ್ನು ನಮ್ಮಿಬ್ಬರಿಗೆ ಹೋಲಿಸಿಕೊಳ್ಳಲು ಹೋಗಬೇಡಿ, ನಾನು ಯಂತ್ರದ ವಿಚಾರ ಹೇಳುತ್ತಿದ್ದೇನೆ. ವೈಫೈ ಸ್ವಿಚ್ ಹಾಕಿ, ಎರಡನ್ನೂ ಅದಕ್ಕೇ ಸೇರಿಸಿ, ಪ್ರಿಂಟರನ್ನು ಒಂದು ಸಲ ಆರಿಸಿ ಹಾಕಿ. ಸಿಗುತ್ತದೆ.

ಅರ್ಧ ಪುಟದ ಕಥೆ ನಿಮ್ಮ ಅವಸರದ್ದು. ಗಾಜಿನ ಮೂಲೆಯಲ್ಲಿ ಸಣ್ಣ ಬಾಣದ ಗುರುತಿದೆ. ಕಾಗದದ ಮೂಲೆಯನ್ನು ಅದಕ್ಕೆ ಸರಿಯಾಗಿ ತಾಗಿಸಬೇಕು, ಬರಹ ಕೆಳಮುಖವಾಗಿ. ನೀವು ಎಲೆ ಹಾಸಿದ ಹಾಗೆ ನಟ್ಟನಡುವೆ ಇಟ್ಟಿರುತ್ತೀರಿ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಿಂದ ಈಚೆಗೆ ತೆಗೆಯಿರಿ, ಇಲ್ಲದಿದ್ದರೆ ಬೆಳಕು ಹೊಳೆದು ಸೀಲು ಕಾಣುವುದಿಲ್ಲ. ತೆಗೆಯುವಾಗ ಕೈ ಒದ್ದೆ ಇರದ ಹಾಗೆ ನೋಡಿಕೊಳ್ಳಿ. ಫೈಲು ದೊಡ್ಡದಾಯಿತು, ಅರ್ಜಿ ತಗೊಳ್ಳುತ್ತಿಲ್ಲ ಅಂದಿದ್ದೀರಿ. ಸ್ಕ್ಯಾನಿನ ಡಿಪಿಐ ಆರುನೂರಕ್ಕೆ ಇಟ್ಟಿದ್ದೀರಿ, ಇನ್ನೂರಕ್ಕೆ ಇಳಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು, ಕಳಿಸುವ ಮೊದಲು ಪರದೆಯ ಮೇಲೆ ತೋರಿಸುತ್ತದಲ್ಲ, ಅದನ್ನು ನೋಡಿ. ಕನ್ನಡಕ ಹಾಕಿಕೊಂಡು ನೋಡಿ. ಕಂಬ ಹತ್ತುವ ಮೊದಲು ಲೈನ್ ಸತ್ತಿದೆಯೋ ಇಲ್ಲವೋ ಅಂತ ಎರಡೆರಡು ಸಲ ನೋಡುವ ಮನುಷ್ಯ, ಹೋದ ವರ್ಷ ಹೆಂಡತಿಯ ಅಂಕಪಟ್ಟಿಯನ್ನು ಒಂದು ಸಲವೂ ನೋಡದೆ ಕಳಿಸಿಬಿಟ್ಟಿರಲ್ಲ.

ಇಷ್ಟೆಲ್ಲ ಕಷ್ಟ ಪಡುವ ಬದಲು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಅದಕ್ಕೂ ನೀವೇ ಬರೆದಿದ್ದೀರಿ: "ಎಡವಟ್ಟಾಗಿದ್ದು ಈ ಮಿಶಿನ್ನಲ್ಲೇ. ಸರಿ ಆಗೋದೂ ಇದ್ರಲ್ಲೇ ಆಗ್ಬೇಕು." ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ಹೇಳಿದರೆ ನೀವು ಉಬ್ಬುತ್ತೀರಿ.

ಈಗ ಗೆರೆಗಳಿಗೆ ಬರುತ್ತೇನೆ. ಇದನ್ನು ಬರೆಯಲು ಆಗದೆ ಎರಡು ದಿನ ಪೆನ್ನು ಹಿಡಿದು ಇಟ್ಟಿದ್ದೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಹೋದ ಅಕ್ಟೋಬರಿನಲ್ಲಿ ಅಪ್ಪ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಕಾಮಗೆರೆ ಆಸ್ಪತ್ರೆಯಲ್ಲಿದ್ದರು. ನಾನು ಅವರ ಹಾಸಿಗೆ ಪಕ್ಕ ಇದ್ದೆ. ಅರ್ಜಿಗೆ ಅದೇ ಕೊನೆಯ ದಿನ. ಎಲ್ಲ ತುಂಬಿ ಇಟ್ಟಿದ್ದೇನೆ, ಅಂಕಪಟ್ಟಿ ಒಂದನ್ನು ಸ್ಕ್ಯಾನ್ ಮಾಡಿ ಸೇರಿಸಿ ಕಳಿಸಿಬಿಡಿ ಅಂತ ನಿಮಗೆ ಫೋನಿನಲ್ಲಿ ಹೇಳಿಕೊಟ್ಟೆ. ನೀವು ಕಳಿಸಿದಿರಿ. ನವೆಂಬರಿನಲ್ಲಿ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ, ಅಂಕಪಟ್ಟಿ ಓದಲು ಬರುವಂತಿಲ್ಲ, ತಿರಸ್ಕರಿಸಲಾಗಿದೆ ಅಂತ ಇತ್ತು. ಲ್ಯಾಪ್‌ಟಾಪ್ ತೆಗೆದು ಫೈಲು ನೋಡಿದೆ. ಅಂಕಗಳಿರುವ ಜಾಗದ ಮೇಲೆ ಮೂರು ಬಿಳಿ ಪಟ್ಟೆ ಹಾದುಹೋಗಿ ಅಕ್ಷರಗಳು ಮಾಸಿಹೋಗಿದ್ದವು. ಪ್ರಿಂಟರಿನ ಮುಚ್ಚಳ ತೆಗೆದು ಗಾಜು ನೋಡಿದರೆ ಅದು ತೊಳೆದ ಲೋಟದ ಹಾಗೆ ಸ್ವಚ್ಛವಾಗಿತ್ತು. ಯಂತ್ರ ಸರಿಯಾಗಿದೆ, ಹಾಗಾದರೆ ಮಾಡಿದವರು ಮನುಷ್ಯರೇ ಅಂದುಕೊಂಡೆ. ದಿನಾ ಬಸ್ಸಿನಲ್ಲಿ ಓಡಾಡುವ ಕೆಲಸ ಯಾಕೆ ನಿನಗೆ ಅಂತ ನೀವು ಒಂದೆರಡು ಸಲ ಗೊಣಗಿದ್ದಿರಿ. ಅದು ನೆನಪಿಗೆ ಬಂತು.

ಬೇಕಂತಲೇ ಹೀಗೆ ಮಾಡಿದಿರಾ ಅಂತ ಕೇಳಿದೆ. ಇಲ್ಲ ಅಂದಿರಿ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಂಬುತ್ತಿದ್ದೆನೋ ಏನೋ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಆಡಿದಿರಿ. "ಸಿಕ್ಕಿದ್ರೂ ಎಷ್ಟ್ ದಿನ ಓಗ್ತಿದ್ದೆ ಬುಡು."

ಹತ್ತು ವರ್ಷ ಅತಿಥಿ ಶಿಕ್ಷಕಿಯಾಗಿ ಸಿಕ್ಕಿದ ಶಾಲೆಗೆಲ್ಲ ಹೋಗಿ ಪಾಠ ಮಾಡಿದವಳು ನಾನು. ಆ ಪ್ರಿಂಟರನ್ನೂ ಆ ಸಂಬಳದಲ್ಲೇ ತಂದದ್ದು. ಎಷ್ಟು ದಿನ ಹೋಗುತ್ತಿದ್ದೆ ಅಂತ ನೀವು ಕೇಳಬಾರದಿತ್ತು. ಆ ರಾತ್ರಿ ನಿಮ್ಮ ಅವ್ವ ಎಷ್ಟೋ ಸಲ, ಮಂಗಳಾ ಉಣ್ಣು ಬಾ ಅಂತ ಕರೆದರು, ನಾನು ಏಳಲಿಲ್ಲ. ಬೆಳಿಗ್ಗೆ ಬ್ಯಾಗು ತಗೊಂಡು ಹೊರಟಾಗ ಅವರು ಬಾಗಿಲಲ್ಲಿ ವಿಭೂತಿ ತಟ್ಟೆ ಹಿಡಿದು ನಿಂತಿದ್ದರು. ಆ ಮನೆಯಿಂದ ಯಾರು ಎಲ್ಲಿಗೆ ಹೊರಟರೂ ಅವರು ಹಣೆಗೆ ಇಟ್ಟೇ ಕಳಿಸುವುದು. ನಾನು ಮುಖ ತಿರುಗಿಸಿಕೊಂಡು ದಾಟಿ ಬಂದೆ. ಮಗ ಕೆಡಿಸಿದ್ದು ಇವರಿಗೂ ಗೊತ್ತಿದೆ, ಗೊತ್ತಿದ್ದೂ ನಾಟಕ ಆಡುತ್ತಿದ್ದಾರೆ ಅಂತ ಅಂದುಕೊಂಡಿದ್ದೆ. ಅದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಸೋಮವಾರ ನಿಮ್ಮ ಕಾಗದದ ಜೊತೆ ಒಂದು ಹಾಳೆ ಬಂತಲ್ಲ, ಗೆರೆ ಹೇಗೆ ಬರುತ್ತದೆ ಅಂತ ತೋರಿಸುವುದಕ್ಕೆ ಕಳಿಸಿದ್ದು, ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಅವೇ ಮೂರು ಪಟ್ಟೆ. ದೀಪ ಕೆಟ್ಟಿರಬೇಕು, ಅಥವಾ ಒಳಗಡೆ ಧೂಳು ಸೇರಿರಬೇಕು ಅಂತ ಲೆಕ್ಕ ಹಾಕುತ್ತಾ ಕೂತೆ. ಆದರೆ ನೀವು ಬರೆದದ್ದು ಯಾವುದಕ್ಕೂ ಹೊಂದಲಿಲ್ಲ. ಸಾಯಂಕಾಲ ಟವಲಿನಲ್ಲಿ ಒರೆಸಿದರೆ ಗೆರೆ ಹೋಗುತ್ತದೆ, ಒಳ್ಳೆಯ ಕೆಲಸ ಬೆಳಿಗ್ಗೆ ಮಾಡೋಣ ಅಂತ ಬಿಟ್ಟು ಎದ್ದರೆ ಬೆಳಿಗ್ಗೆ ಮತ್ತೆ ಇರುತ್ತದೆ, ಇದಕ್ಕೆ ಏನೋ ಗಾಳಿ ಸೋಕಿರಬೇಕು ಅಂತ ಬರೆದಿದ್ದೀರಿ. ಕೆಟ್ಟ ದೀಪ ರಾತ್ರಿ ಸರಿಯಾಗಿ ಬೆಳಿಗ್ಗೆ ಕೆಡುವುದಿಲ್ಲ.

ಅಷ್ಟರಲ್ಲಿ ಅಪ್ಪ ಊರುಗೋಲು ಊರಿಕೊಂಡು ಬಂದರು. ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇದೇನವ್ವಾ ಮಂಗಳಾ, ಕಾಗ್ದಕ್ಕೆ ಯಾರೋ ಇಬೂತಿ ಬಳ್ದವ್ರಲ್ಲ."

ನಾನು ಹಾಳೆಯನ್ನು ಮತ್ತೆ ನೋಡಿದೆ. ಮೊದಲನೆಯ ಪಟ್ಟೆ ದಪ್ಪ, ಎರಡನೆಯದೂ ದಪ್ಪ, ಮೂರನೆಯದು ತೆಳ್ಳಗೆ ಅರ್ಧಕ್ಕೇ ನಿಂತಿದೆ. ಇದು ಯಾರ ಕೈ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ ಮಚ್ಚು ತಾಗಿ ನಿಮ್ಮ ಅವ್ವನ ಉಂಗುರದ ಬೆರಳಿನ ತುದಿ ಹೋಗಿದೆ. ಅವರ ಹಣೆಯ ಮೇಲೂ ಮೂರನೆಯ ಗೆರೆ ಹಾಗೆಯೇ ಇರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹಣೆಯ ಮೇಲಿನದನ್ನು ನೋಡಿ, ಇದು ದೊಡ್ಡಬಸಮ್ಮನ ಸೊಸೆ ಅಂತ ಬೀದಿಯವರು ಗುರುತು ಹಿಡಿಯುತ್ತಿದ್ದರು.

ಅತ್ತೆ ಯಾವುದಕ್ಕೆ ವಿಭೂತಿ ಇಟ್ಟರೂ ಅದು ಕೆಲಸ ಮಾಡುವ ಜಾಗಕ್ಕೇ ಇಡುತ್ತಾರೆ, ಗಮನಿಸಿದ್ದೀರಾ? ಒರಳಾದರೆ ಗುಳಿಯ ಒಳಗೆ. ಮಚ್ಚಾದರೆ ಅಲಗಿಗೆ. ಹಿಡಿಗೆ ಇಟ್ಟರೆ ಮಾದಪ್ಪ ಹಿಡಿಯನ್ನು ಕಾಯುತ್ತಾನೆ, ಅಲಗನ್ನಲ್ಲ ಅನ್ನುತ್ತಾರೆ. ಆಯುಧಪೂಜೆಯಲ್ಲಿ ನಾನು ಪ್ರಿಂಟರಿನ ಮುಚ್ಚಳದ ಮೇಲೆ ಇಟ್ಟಾಗ ಅವರಿಗೆ ಸಮಾಧಾನ ಆಗಿರಲಿಲ್ಲ. ಮುಚ್ಚಳದ ಕೆಳಗೆ ದೀಪ ಓಡಾಡುವುದನ್ನು ಅವರು ನೋಡಿದ್ದರು. ಅವರ ಲೆಕ್ಕದಲ್ಲಿ ಕೆಲಸ ನಡೆಯುವ ಜಾಗ ಆ ಗಾಜು.

ಮತ್ತೆ ಕೇಳಿ, ಅವರು ಇದನ್ನು ಮುಚ್ಚಿಟ್ಟೂ ಇಲ್ಲ. ಆ ಕೊನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರ ಫೋನಿನಿಂದ ಆಸ್ಪತ್ರೆಗೆ ಫೋನ್ ಮಾಡಿದ್ದರು. "ಬೆಟ್ಟದ್ ಇಬೂತಿ ತೇಯ್ದು ಮಿಶಿನ್ಗೂ ಇಕ್ಕಿವ್ನಿ ಕಣವ್ವ. ಕೆಲ್ಸ ಆಯ್ತದೆ, ನೀನು ಅಪ್ಪನ್ ನೋಡ್ಕೊ" ಅಂದಿದ್ದರು. ನಾನು ಡಾಕ್ಟರ ಹಿಂದೆ ಓಡುತ್ತಿದ್ದೆ, ಹೂಂ ಅತ್ತೆ ಅಂದು ಇಟ್ಟುಬಿಟ್ಟೆ. ಮುಚ್ಚಳಕ್ಕೆ ಇಟ್ಟಿರುತ್ತಾರೆ ಅಂದುಕೊಂಡೆ, ಆಮೇಲೆ ಮರೆತೂ ಹೋಯಿತು. ನೀವು ಸಂಜೆಯ ಮಬ್ಬಿನಲ್ಲಿ ಕನ್ನಡಕವಿಲ್ಲದೆ ಅದರ ಮೇಲೆಯೇ ಅಂಕಪಟ್ಟಿ ಇಟ್ಟು ಕಳಿಸಿದಿರಿ. ದೀಪಾವಳಿಗೆ ಅತ್ತೆಯೇ ಮನೆಯೆಲ್ಲ ಒರೆಸುವಾಗ ಗಾಜನ್ನೂ ಒರೆಸಿಟ್ಟಿರಬೇಕು. ನಾನು ನೋಡುವ ಹೊತ್ತಿಗೆ ಏನೂ ಇರಲಿಲ್ಲ.

ನಿಮ್ಮ ಕಾಗದದ ಮೂರನೆಯ ಪುಟದಲ್ಲಿ, ಅವ್ವ ದಿನಾ ಮೈಗೆ ನೀರು ಉಯ್ಕೊಂಡು ಬಂದು ಪ್ರಿಂಟರ್ ಮುಂದೆ ಕೈ ಮುಗಿಯುತ್ತಾಳೆ, ಅರಳುಮರಳು ಶುರುವಾಗಿರಬೇಕು ಅಂತ ತಮಾಷೆಗೆ ಬರೆದಿದ್ದೀರಿ. ಅರಳುಮರಳು ಅಲ್ಲ ರೀ. ಹೋದ ಸಲ ಒಂದೇ ದಿನ ಇಟ್ಟದ್ದಕ್ಕೆ ಕೆಲಸ ಆಗಲಿಲ್ಲ ಅಂತ ಈ ಸಲ ದಿನಾ ಇಡುತ್ತಿದ್ದಾರೆ. ಇಷ್ಟು ಹೊಳೆದ ಮೇಲೆ ನನಗೆ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅಪ್ಪ ಕೇಳಿಸಿದರೂ ಕೇಳಿಸದ ಹಾಗೆ ಇದ್ದರು.

ಈ ಏಳು ತಿಂಗಳು ಯಳಂದೂರಿನಲ್ಲಿ ಕೇಳಿದವರಿಗೆಲ್ಲ, ಗಂಡನ ಮನೆಯವರು ನನ್ನ ಕೆಲಸ ಕೆಡಿಸಿದರು ಅಂತ ಹೇಳಿಕೊಂಡು ಬಂದಿದ್ದೇನೆ. ತಪ್ಪಾಯಿತು. ನಿಮ್ಮ ಮೇಲೆ ಅನುಮಾನ ಪಟ್ಟದ್ದು ತಪ್ಪು, ಅತ್ತೆಯ ಮೇಲೆ ಪಟ್ಟದ್ದು ಇನ್ನೂ ದೊಡ್ಡ ತಪ್ಪು. ಹಾಗಂತ ನೀವು ಪೂರ್ತಿ ಪಾರಾದಿರಿ ಅಂದುಕೊಳ್ಳಬೇಡಿ. ಎಷ್ಟು ದಿನ ಹೋಗುತ್ತಿದ್ದೆ ಅಂದ ಮಾತು ನಿಮ್ಮದೇ, ಅದನ್ನು ಅತ್ತೆ ಆಡಿಸಲಿಲ್ಲ. ಅದನ್ನು ವಾಪಸ್ ತಗೊಳ್ಳಬೇಕು. ಕಾಗದದಲ್ಲಿ ಬೇಡ, ಬಾಯಿ ಬಿಟ್ಟು, ನನ್ನ ಮುಖ ನೋಡಿಕೊಂಡು.

ಇನ್ನೊಂದು ಮಾತು, ಇದು ಎಲ್ಲದಕ್ಕಿಂತ ದೊಡ್ಡದು. ಅತ್ತೆಗೆ ಇದು ಗೊತ್ತಾಗಕೂಡದು. ತಾವು ಇಟ್ಟ ವಿಭೂತಿಯಿಂದಲೇ ಸೊಸೆಯ ಕೆಲಸ ಹೋಯಿತು, ಸೊಸೆಯೂ ಮನೆ ಬಿಟ್ಟಳು ಅಂತ ಗೊತ್ತಾದರೆ ಅವರು ಅನ್ನ ಮುಟ್ಟುವುದಿಲ್ಲ. ನೀವು ಒಳ್ಳೆಯವರು, ಆದರೆ ನಿಮ್ಮ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಯಂತ್ರ ಹಳೆಯದಾಯಿತು, ಸರ್ವೀಸ್ ಮಾಡಿಸಿದೆ ಅಂತ ಹೇಳಿ. ವೈರು ಸಡಿಲ ಆಗಿತ್ತು ಅನ್ನಿ, ಲೈನ್‌ಮನ್ ಹೇಳಿದರೆ ನಂಬುತ್ತಾರೆ. ಪ್ಲಗ್ ಕಿತ್ತು, ಅವರ ಹಳೆಯ ನೂಲು ಸೀರೆಯ ತುಂಡನ್ನು ಸ್ವಲ್ಪವೇ ನೆನೆಸಿ ಹಿಂಡಿ ಗಾಜು ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಗಾಜಿನ ಮೇಲೆ ನೀರು ಹುಯ್ಯಬೇಡಿ. ಅವರು ದನದ ಕಡೆ ಹೋದಾಗ ಮಾಡಿ.

ವಿಳಾಸದ ಪ್ರಶ್ನೆ ಉಳಿಯಿತು. ಅಪ್ಪ ಈಗ ಕೋಲು ಹಿಡಿದು ಅಂಗಡಿಬೀದಿಯ ತನಕ ಹೋಗಿಬರುತ್ತಾರೆ. ಅಣ್ಣ ಅತ್ತಿಗೆ ಮನೆಯಲ್ಲೇ ಇದ್ದಾರೆ. ನಾನು ಅಪ್ಪನಿಗೋಸ್ಕರ ಇಲ್ಲಿದ್ದೇನೆ ಅಂತ ಹೇಳಿಕೊಳ್ಳುವ ಕಾಲ ಮುಗಿದು ನಾಲ್ಕು ತಿಂಗಳಾಯಿತು. ಮೊನ್ನೆ ಅವರೇ, "ಇಬೂತಿ ಅಂತ ನಾನೇಳ್ದೆ, ಮುಂದುಕ್ಕೆ ನೀನೇ ಯೋಳ್ಕೊ" ಅಂದು ಎದ್ದು ಹೋದರು. ಎರಡು ದಿನದಿಂದ ಅದನ್ನೇ ಯೋಚನೆ ಮಾಡುತ್ತಿದ್ದೇನೆ. ಕೆಲಸ ಎರಡೂ ಕಡೆ ಇದೆ, ಸಿಗುವುದೂ ಬಿಡುವುದೂ ಇಲಾಖೆಯವರ ಕೈಯಲ್ಲಿ. ಕೆಲಸಕ್ಕೋಸ್ಕರ ಬಂದಳು ಅಂತ ಯಾರೂ ಅನ್ನಬಾರದು, ನೀವಂತೂ ಅನ್ನಬಾರದು.

ಹೊತ್ತು ಹೊತ್ತಿಗೆ ಊಟ ಮಾಡಿ. ಮಳೆ ಗಾಳಿ ಶುರುವಾಗಿದೆ, ಕಂಬದ ಮೇಲೆ ಕೈಗವಸು ಹಾಕಿಕೊಳ್ಳಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಕಾಗದದಲ್ಲಿ ಏನು ಬರೆದಿದ್ದಾಳೆ ಅಂತ ಕೇಳಿದರೆ ಪ್ರಿಂಟರ್ ರಿಪೇರಿ ಮಾಡುವುದು ಹೇಗೆ ಅಂತ ಬರೆದಿದ್ದಾಳೆ ಅನ್ನಿ. ಸುಳ್ಳೇನಲ್ಲ.

ಇಂತಿ,
ಇನ್ನೂ ಸ್ವಲ್ಪ ಕೋಪ ಉಳಿಸಿಕೊಂಡಿರುವ ನಿಮ್ಮ
ಮಂಗಳ

ಮರೆತಿದ್ದು: ಒಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. ನವೆಂಬರಿನಲ್ಲಿ ಹೊರಡುವ ಮೊದಲು ತೆಗೆದಿಟ್ಟುಕೊಂಡ ನನ್ನ ಅಂಕಪಟ್ಟಿಗಳ ಪ್ರತಿಗಳು ನನ್ನ ಫೋನಿನಲ್ಲೇ ಇವೆ. ಯಳಂದೂರಿನ ವಿಳಾಸ ಹಾಕಿ ಅರ್ಜಿಯನ್ನು ಹೋದ ವಾರವೇ ತುಂಬಿಟ್ಟಿದ್ದೆ, ಸೋಮವಾರ ಮಧ್ಯಾಹ್ನ ಕಳಿಸಬೇಕು ಅಂತಿದ್ದೆ. ನಿಮ್ಮ ಕಾಗದ ಹನ್ನೊಂದು ಗಂಟೆಗೆ ಬಂತು. ಆ ಅರ್ಜಿಯನ್ನು ಅಳಿಸಿ ಹಾಕಿದ್ದೇನೆ. ನೀವು ಖಾಲಿ ಬಿಟ್ಟ ಜಾಗದಲ್ಲಿ ಹೀಗೆ ಬರೆಯಿರಿ: ಮಂಗಳ, ಕೋಂ ಶಾಂತರಾಜು, ಹನೂರು. ಕಳಿಸುವ ಬಟನ್ ಮಾತ್ರ ಒತ್ತಬೇಡಿ, ಅದನ್ನು ನಾನೇ ಬಂದು ಒತ್ತುತ್ತೇನೆ. ಭಾನುವಾರ ಮೊದಲನೆಯ ಬಸ್ಸಿಗೆ ಹೊರಟು ಕೊಳ್ಳೇಗಾಲದಲ್ಲಿ ಬದಲಾಯಿಸಿದರೆ ಅತ್ತೆ ಸ್ನಾನ ಮುಗಿಸುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಅವತ್ತು ವಿಭೂತಿ ತೇಯ್ದ ಮೇಲೆ ಗಾಜಿನ ಹತ್ತಿರ ಹೋಗದೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿರಲು ಹೇಳಿ. ನವೆಂಬರಿನಲ್ಲಿ ಹಣೆಗೆ ಇಡಿಸಿಕೊಳ್ಳದೆ ಬಂದದ್ದು ಬಾಕಿ ಇದೆ.